ಎತ್ತರ ಸೋರದ ರೆಕ್ಕೆ

ತೀರ್ಥಸ್ವರೂಪ ಕಾಕಾ ಅವರಿಗೆ,

ಬೆರಳಿಗೆ ಅಂಟಿದ ಗೋಂದನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡು ನಿಮ್ಮ ಸುನಂದಾ ಮಾಡುವ ನಮಸ್ಕಾರಗಳು. ಈ ಬೇಸಿಗೆಯಲ್ಲಿ ನಮ್ಮ ಬಯಲಿನಲ್ಲಿ ನಡೆದದ್ದನ್ನು ಯಾರಾದರೂ ನಿಮಗೆ ಹೇಳಲೇಬೇಕಿತ್ತು. ನಿಮ್ಮ ಮಗಳು ವೈಶಾಲಿ ಹೇಳಲಾರಳು. ನಿಮ್ಮ ಮಾತು ಬಂದರೆ ಅವಳು ಇನ್ನೂ ಎದ್ದು ಹೊರಗೆ ಹೋಗುತ್ತಾಳೆ. ನಿಮ್ಮ ಮನೆಯವರು, ನಮ್ಮ ಕಾಕು, ಹೇಳಬಹುದಿತ್ತು, ಆದರೆ ಅವರು ರೆಕ್ಕೆಗೂ ಬಾಲಕ್ಕೂ ಒಂದೇ ಹೆಸರಿಟ್ಟಿದ್ದಾರೆ. ಉಳಿದವಳು ನಾನು. ನಿಮಗೆ ಬಂಧುವಲ್ಲ, ಬಳಗವಲ್ಲ. ಆದರೂ ಇಷ್ಟು ವರ್ಷ ನಿಮ್ಮ ಪಕ್ಕದಲ್ಲಿ ನಿಂತು ಗ್ಲೈಡರಿನ ರೆಕ್ಕೆ ಸವರಿದವಳು ನಾನೇ ಅಲ್ಲವೇ?

ಇಂಡಿ ಊರಿನ ಟ್ರ್ಯಾಕ್ಟರ್ ಶೋರೂಮಿಗೆ ನೀವು ಬಂದ ಬೆಳಿಗ್ಗೆ ನೆನಪಿದೆಯೇ? ಯಾವುದೋ ಬೆಲ್ಟ್ ಕೇಳಿಕೊಂಡು ಬಂದಿದ್ದಿರಿ. ನಾನು ಡಿಪ್ಲೊಮಾ ಮುಗಿಸಿ ಅಲ್ಲಿನ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದೆ. ಹೊಸ ಟ್ರ್ಯಾಕ್ಟರಿನ ಬಾನೆಟ್ಟಿಗೆ ಮಾರುದ್ದದ ಸ್ಟಿಕ್ಕರ್ ಅಂಟಿಸುತ್ತಿದ್ದೆ. ನೀವು ಬೆಲ್ಟಿನ ಮಾತು ಮರೆತು ನನ್ನ ಬೆನ್ನ ಹಿಂದೆ ನಿಂತುಬಿಟ್ಟಿರಿ.

"ಒಂದೂ ಗುಳ್ಳಿ ಬರಲಾರದ್ಹಂಗ ಹ್ಯಾಂಗ ಅಂಟಸ್ತೀ ನೀ?" ಎಂದಿರಿ.

"ಮುಂಜಾನೆ ತಂಪಿನ್ಯಾಗ ಅಂಟಸ್ತೇನ್ರಿ. ಬಿಸಲ ಏರಿದ ಮ್ಯಾಲೆ ಗೋಂದು ಭಾಳ ಅವಸರ ಮಾಡತೈತ್ರಿ," ಎಂದೆ.

ನೀವು ನಕ್ಕಿರಿ. ಆಮೇಲೆ ನನ್ನ ಊರು ಯಾವುದು, ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದಿರಿ. ತಾಂಬಾದಲ್ಲಿ ಹೊಲಮನೆ ಇದೆ ಎಂದು ಹೇಳಿದೆ. ಮರುದಿನ ನೀವು ತಾಂಬಾದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದಿರಿ!

ಆ ದಿನ ನಮ್ಮಪ್ಪನ ಮುಖ ನೋಡಬೇಕಿತ್ತು. ನೀವು ವಾಯುಪಡೆಯಲ್ಲಿ ವಿಮಾನದ ಮೈ ರಿಪೇರಿ ಮಾಡುತ್ತಿದ್ದವರು, ನಿವೃತ್ತಿಯಾಗಿ ಬಸವನ ಬಾಗೇವಾಡಿಗೆ ಮರಳಿದವರು, ಸಿಂದಗಿಯಿಂದ ದೇವರ ಹಿಪ್ಪರಗಿಗೆ ಹೋಗುವ ದಾರಿಯ ಬಯಲಿನಲ್ಲಿ ಕೆಲವರು ಸೇರಿ ಕಟ್ಟಿದ ಗ್ಲೈಡರ್ ಕ್ಲಬ್ಬಿನ ಶೆಡ್ಡು ನೋಡಿಕೊಳ್ಳುವವರು. ಇಷ್ಟೆಲ್ಲ ಕೇಳಿದ ಮೇಲೂ ಅಪ್ಪನಿಗೆ ಒಂದು ಮಾತು ಅರ್ಥವಾಗಲಿಲ್ಲ.

"ರಾಯರ, ಇಂಜಿನ್ನ ಇಲ್ಲದ ವಿಮಾನಕ್ಕ ಮೆಕ್ಯಾನಿಕ್ ಯಾಕ ಬೇಕ್ರಿ?"

"ಅದಕ್ಕ ಹೆಚ್ಚಿಗಿ ಬೇಕಾಗ್ತದ ಗೌಡ್ರ," ಎಂದಿರಿ ನೀವು. "ಇಂಜಿನ್ ಇದ್ದದ್ದು ತನ್ನ ತಪ್ಪು ತಾನ ಎಳಕೊಂಡು ಹೋಗ್ತದ. ಇದಕ್ಕ ರೆಕ್ಕಿ ಬಿಟ್ರ ಗತಿ ಇಲ್ಲ. ನಿಮ್ಮ ಮಗಳ ಕೈ ನೋಡೇನಿ. ಆ ಕೈ ನನಗ ಬೇಕು."

ಅಪ್ಪ ನನ್ನ ಕೈಯನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಮನೆಯಲ್ಲಿ ಅಷ್ಟು ಜನ ಇದ್ದರು, ಯಾರಾದರೂ ನನ್ನ ಕೈಯನ್ನು ಹೊಗಳಿದ್ದು ಅದೇ ಮೊದಲು.

ಮೊದಲ ವಾರ ನೀವು ನನಗೆ ಪಾಠ ಮಾಡಿದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಉದ್ದನೆಯ ಹಲಗೆಯನ್ನು ತೋರಿಸಿ, "ಇದು ಏಲೆರಾನ್. ಪೈಲಟ್ ಕೋಲು ವಾಲಿಸಿದ್ರ ಇದು ಆಡ್ತದ, ಗ್ಲೈಡರ್ ಆ ಕಡೆ ಹೊಳ್ಳತದ," ಎಂದಿರಿ. ಅದಕ್ಕೂ ರೆಕ್ಕೆಗೂ ನಡುವೆ ಕಿರುಬೆರಳೂ ಹೋಗದ ಒಂದು ಸಂದು. ಒಳಗಿನಿಂದ ಬಟ್ಟೆಯಂಥ ಟೇಪು, ಮೇಲಿನಿಂದ ತೆಳ್ಳಗಿನ ಹಾಳೆಯ ಪಟ್ಟಿ, ಇವೆರಡೂ ಸೇರಿ ಆ ಸಂದನ್ನು ಮುಚ್ಚಬೇಕು. ಮುಚ್ಚಬೇಕು, ಆದರೆ ಹಲಗೆ ಆಡುವುದನ್ನು ತಡೆಯಬಾರದು. ಆ ಹಾಳೆಯ ಹೆಸರು ಮೈಲಾರ್ ಎಂದು ನೀವು ಹೇಳಿದಾಗ ನಾನು ಮೈಲಾರಲಿಂಗನ ಜಾತ್ರೆ ನೆನೆದು, "ಹಂಗಾದ್ರ ಅಂಟಸೂಮುಂದ ಏಳುಕೋಟಿ ಅನ್ನಬೇಕೇನ್ರಿ ಕಾಕಾ?" ಎಂದು ಕೇಳಿದೆ. ನೀವು ಸ್ಟೂಲಿನಿಂದ ಬೀಳುವಷ್ಟು ನಕ್ಕಿರಿ. ಆಮೇಲೆ ಶೆಡ್ಡಿಗೆ ಬಂದ ಪ್ರತಿಯೊಬ್ಬ ಅತಿಥಿಗೂ ಅದನ್ನು ಹೇಳಿ ನನ್ನ ಮಾನ ಕಳೆದಿರಿ.

ನೀವು ಕ್ಲಬ್ಬಿನಲ್ಲಿ ಹಾರಿಸಲೂ ಕಲಿತವರು. ಇಬ್ಬರು ಕೂಡುವ ಗ್ಲೈಡರಿನಲ್ಲಿ ನನ್ನನ್ನು ಮುಂದೆ ಕೂರಿಸಿಕೊಂಡು ಹಾರಿದ ಮಧ್ಯಾಹ್ನ. ಬಯಲಿನ ತುದಿಯ ವಿಂಚು ಯಂತ್ರ ಹಗ್ಗ ಸುತ್ತಿ ಎಳೆದು ನಮ್ಮನ್ನು ಮೇಲಕ್ಕೆ ಎಸೆದ ಹಾಗಾಯಿತು, ಹಗ್ಗ ಕಳಚಿತು, ಆಮೇಲೆ ಎಲ್ಲ ನಿಶ್ಶಬ್ದ. ಕೆಳಗೆ ಜೋಳ ಕೊಯ್ದ ಎರೆಹೊಲಗಳು, ನಡುನಡುವೆ ತೊಗರಿ ಕಟ್ಟಿಗೆಯ ಬಣವೆಗಳು. ನಾನು ಊರು ಗುರುತಿಸುವುದರಲ್ಲಿದ್ದೆ. ನೀವು ಹಿಂದಿನಿಂದ, "ಊರು ಆಮ್ಯಾಲೆ ನೋಡು. ಕಣ್ಣು ಮುಚ್ಚು. ಎಡಗಡೆ ಏನರೆ ಕೇಳಸ್ತದ?" ಎಂದಿರಿ. ಕಣ್ಣು ಮುಚ್ಚಿದೆ. ಕೇಳಿಸಿತು, ಬಹಳ ಸಣ್ಣ ಸಿಳ್ಳೆ.

"ಕೆಳಗಿನ ಗಾಳಿ ಸಂದಿನ್ಯಾಗಿಂದ ಮ್ಯಾಲೆ ನುಸೀಲಿಕತ್ತದ. ಅದು ಸಿಳ್ಳಿ ಅಲ್ಲ ಸುನಂದಾ, ನಮ್ಮ ಎತ್ತರ ಸೋರೋ ಸಪ್ಪಳ."

ಕಾಕಾ, ಅದೊಂದು ಮಾತಿನಲ್ಲಿ ನೀವು ನನಗೆ ಜೀವಮಾನದ ಕೆಲಸ ಕೊಟ್ಟಿರಿ. ಇಳಿದ ಮೇಲೆ ನಾನು ಊಟಕ್ಕೂ ಹೋಗದೆ ಎಡರೆಕ್ಕೆಯ ಅಡಿಗೆ ತೂರಿದೆ. ಪಟ್ಟಿಯ ಒಂದು ಕಡೆ, ಉಗುರಿನಷ್ಟು ಉದ್ದ, ಬಿಟ್ಟುಕೊಂಡಿತ್ತು. ಅಷ್ಟೇ ಅಷ್ಟು. ಅಷ್ಟಕ್ಕೇ…

ನಸುಕಿನಲ್ಲಿ ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸುತ್ತಿದ್ದ ದಿನಗಳು ಎಷ್ಟು ಚೆನ್ನಾಗಿದ್ದವು! ಎರೆಮಣ್ಣಿನ ಧೂಳು ಗೋಂದಿಗೆ ಶತ್ರು ಎಂದು ಕಾಕು ಅವರ ಹಳೆಯ ಸೀರೆಗಳನ್ನು ತೋಯಿಸಿ ಬಾಗಿಲಿಗೆ ತೂಗಿಬಿಡುತ್ತಿದ್ದೆವು. ಹೇರ್ ಡ್ರೈಯರಿನಿಂದ ಹಳೆಯ ಟೇಪನ್ನು ಹದವಾಗಿ ಕಾಯಿಸಿ, ಅಡ್ಡಡ್ಡ ಹಿಡಿದು, ರೆಕ್ಕೆಯ ಬಿಳಿ ಮೈಗೆ ನೋವಾಗದಂತೆ ಬಿಡಿಸಬೇಕು. ಬ್ಲೇಡು ಮುಟ್ಟುವಂತಿಲ್ಲ. ಏಲೆರಾನನ್ನು ಪೂರ್ತಿ ಬಾಗಿಸಿಟ್ಟು, ಆ ಸ್ಥಿತಿಯಲ್ಲೇ ಒಳಟೇಪು ಅಂಟಿಸಬೇಕು. ಇಲ್ಲದಿದ್ದರೆ ಆಡಲು ಸಡಿಲ ಉಳಿಯುವುದಿಲ್ಲ. ಮೇಲಿನ ಪಟ್ಟಿಯ ಒಂದು ಅಂಚು ರೆಕ್ಕೆಗೆ ಗಟ್ಟಿ, ಇನ್ನೊಂದು ಅಂಚು ಏಲೆರಾನಿನ ಮೇಲೆ ಸುಮ್ಮನೆ ಒರಗಿರಬೇಕು. ಕೊನೆಗೆ ಒಬ್ಬರು ಒಳಗೆ ಕೂತು ಕೋಲನ್ನು ಈ ತುದಿಯಿಂದ ಆ ತುದಿಗೆ ಆಡಿಸಬೇಕು, ಇನ್ನೊಬ್ಬರು ಹೊರಗೆ ನಿಂತು ಸಂದು ನೋಡಬೇಕು. ನೀವು ಯಾವಾಗಲೂ ಹೊರಗೆ. ನಾನು ಒಳಗೆ. "ಕೈಗೆ ಏನ ಹೇಳ್ತದ?" ಎಂದು ಕೇಳುತ್ತಿದ್ದಿರಿ. ಕಣ್ಣಿಗೆ ಏನು ಕಾಣುತ್ತದೆ ಎಂದು ಕೇಳಿದವರಲ್ಲ.

ನಿಮ್ಮ ಕೈ ನಡುಗಲು ಶುರುವಾದ ವರ್ಷ ನಾವಿಬ್ಬರೂ ಅದರ ಬಗ್ಗೆ ಮಾತಾಡಲೇ ಇಲ್ಲ. ಒಂದು ಬೆಳಿಗ್ಗೆ ನೀವು ಟೇಪಿನ ಸುರುಳಿಯನ್ನು ನನ್ನ ಮುಂದೆ ಸರಿಸಿ ಹೇರ್ ಡ್ರೈಯರ್ ಕೈಗೆ ತೆಗೆದುಕೊಂಡಿರಿ. ಅಷ್ಟೇ. ಅಂದಿನಿಂದ ನೀವು ಕಾಯಿಸುವವರು, ನಾನು ಅಂಟಿಸುವವಳು. ನಾನು ಹಿಂಜರಿದದ್ದನ್ನು ನೋಡಿ, "ನನ್ನ ಕೈ ಮುದುಕ ಆತು. ನಿನ್ನ ಕೈ ಇನ್ನ ಶ್ಯಾಣೆ ಆಗೂದದ. ಏನು ತಪ್ಪದ ಇದರಾಗ?" ಎಂದಿರಿ. ದುಃಖ ಪಡಲು ನೀವು ನನಗೆ ಅವಕಾಶವನ್ನೇ ಕೊಡಲಿಲ್ಲ.

ದೇವರ ಹಿಪ್ಪರಗಿಯ ಸಂತೆಯ ದಿನ ಚಹಾದಂಗಡಿಯಲ್ಲಿ ಕೂತು ನೀವು ವೈಶಾಲಿಗೆ ಹೇಳಿದ ಮಾತಿಗೆ ನಾನು ಸಾಕ್ಷಿ. ಅವಳು ಆಗಷ್ಟೇ ಒಬ್ಬರೇ ಕೂಡುವ ಗ್ಲೈಡರಿನಲ್ಲಿ ಹಾರಲು ಒಪ್ಪಿಗೆ ಪಡೆದಿದ್ದಳು. ಸಿಂದಗಿಯ ಬ್ಯಾಂಕಿನ ಕೆಲಸ ಮುಗಿಸಿ, ಇದ್ದ ರಜೆಯನ್ನೆಲ್ಲ ಬಯಲಿಗೇ ಸುರಿಯುತ್ತಿದ್ದಳು. "ಇಲ್ಲಿಂದ ಎದ್ದು ಇಂಡಿ. ಇಂಡಿಯಿಂದ ಬಾಗೇವಾಡಿ. ಅಲ್ಲಿಂದ ಮುದ್ದೇಬಿಹಾಳ. ತಿರುಗಿ ಮನಿಗೆ. ಒಂದು ತೊಟ್ಟು ಎಣ್ಣಿ ಸುಡಬಾರದು, ನಡುವ ಎಲ್ಲೂ ಇಳೀಬಾರದು," ಎಂದಿರಿ. ವೈಶಾಲಿ, "ಆಗ್ತದೇನಪ್ಪಾ?" ಎಂದಳು. ನೀವು ಅವಳಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿ, "ಆಗ್ತದೇನು ಸುನಂದಾ?" ಎಂದು ಕೇಳಿದಿರಿ. ಹಾರುವವಳು ಅವಳು, ಪ್ರಶ್ನೆ ನನಗೆ! ನಾನು ಆಗತೈತ್ರಿ ಎಂದುಬಿಟ್ಟೆ.

ಅದಾದ ಶ್ರಾವಣದಲ್ಲಿ ನೀವು ಹೋದಿರಿ.

ಈ ವರ್ಷ ಯುಗಾದಿ ಕಳೆದ ಮೇಲೆ ವೈಶಾಲಿ ಶೆಡ್ಡಿಗೆ ಬಂದು, "ಈ ಬ್ಯಾಸಗಿಗೆ ಮಾಡಿ ಮುಗಸೂಣು," ಎಂದಳು. ಇಂಥ ಹಾರಾಟ ಲೆಕ್ಕಕ್ಕೆ ಬರಬೇಕಾದರೆ ಹೊರಗಿನ ವೀಕ್ಷಕರೊಬ್ಬರು ಇರಬೇಕಲ್ಲ. ಮಹಾರಾಷ್ಟ್ರದ ಕಡೆಯಿಂದ ವಯಸ್ಸಾದ ಪೈಲಟ್ ಒಬ್ಬರು ಬಂದರು. ಬಹಳ ಸೌಮ್ಯರು. ಆದರೆ ಅವರಿಗೆ ಒಂದೇ ದಿನ ಪುರಸತ್ತು. ಆ ದಿನ ಆಕಾಶ ಹೇಗಿತ್ತು ಗೊತ್ತೇ? ಊಟದ ಹೊತ್ತಿಗೆ ಮುಂಚೆಯೇ ಇಂಡಿಯ ಕಡೆ ಅರಳೆಯ ಉಂಡೆಗಳಂಥ ಮೋಡ ಸಾಲಾಗಿ ಎದ್ದಿದ್ದವು. ಅಂಥ ಮೋಡದ ಕೆಳಗೆ ಗ್ಲೈಡರನ್ನು ಎತ್ತುವ ಬಿಸಿಗಾಳಿ ಇದ್ದೇ ಇರುತ್ತದೆ; ನೀವಿದ್ದಿದ್ದರೆ ಹಿಗ್ಗಿ ಕೈ ಕೈ ತಿಕ್ಕುತ್ತಿದ್ದಿರಿ.

ವೈಶಾಲಿ ಪ್ಯಾರಾಚೂಟ್ ಕಟ್ಟಿಕೊಳ್ಳುವಾಗ ನಾನು ಕಡೆಯ ಸಲ ಒಳಗೆ ಕೂತು ಕೋಲು ಆಡಿಸಿದೆ. ಬಲಕ್ಕೆ ಸರಿ. ಎಡಕ್ಕೆ, ತುದಿ ಮುಟ್ಟುವ ಮುಂಚೆ, ಏನೋ ಮೆತ್ತಗೆ ತಡೆದ ಹಾಗಾಯಿತು. ಮತ್ತೊಮ್ಮೆ ಆಡಿಸಿದೆ. ಇಲ್ಲ. ಮತ್ತೊಮ್ಮೆ. ಬಂತು. ಕೆಳಗಿಳಿದು ಸಂದಿನೊಳಗೆ ಟಾರ್ಚ್ ಬಿಟ್ಟು ನೋಡಿದೆ. ಬಿಸಿಲಿಗೆ ಗೋಂದು ಕರಗಿ, ಒಳಟೇಪಿನ ಅಂಚು ಬಿಟ್ಟು, ಮಡಚಿಕೊಂಡು, ಏಲೆರಾನ್ ಬಾಗಿದಾಗ ಸಂದಿಗೆ ಸಿಕ್ಕಿಕೊಳ್ಳುತ್ತಿತ್ತು.

"ಇವತ್ತ ಹಾರಾಂಗಿಲ್ಲ," ಎಂದೆ.

ಎಲ್ಲರೂ ನನ್ನನ್ನೇ ನೋಡಿದರು. ಕ್ಲಬ್ಬಿನ ಹಿರಿಯರೊಬ್ಬರು, "ಟೇಪ್ ಅಷ್ಟ ಅಲ್ಲೇನಬೇ? ಈಗ ಒತ್ತಿ ಬಿಟ್ರ ಆತಲ್ಲ," ಎಂದರು.

"ಟೇಪಿನ ಮಾತಲ್ರಿ. ರೆಕ್ಕಿ ಆಡೂ ಮಾತು. ಈ ಬಿಸಲಾಗ ಒತ್ತಿದ್ದು ಮ್ಯಾಲೆ ಹೋಗಿ ಮತ್ತ ಬಿಡತೈತ್ರಿ."

ವೈಶಾಲಿಯ ಮುಖ ಕೆಂಪಾಯಿತು. "ವರ್ಷಾನಗಟ್ಟಲೆ ಕಾದೇನಿ ಸುನಂದಾ. ಇಂಥಾ ದಿನ ಮತ್ತ ಸಿಗೂದಿಲ್ಲ. ಅಪ್ಪಾ ಇದ್ದಿದ್ರ ಬಿಡ್ತಿದ್ದ."

ಆ ಮಾತು ಎಲ್ಲಿ ತಾಕಬೇಕೋ ಅಲ್ಲೇ ತಾಕಿತು, ಕಾಕಾ. ಕೈಯಲ್ಲಿದ್ದ ಟಾರ್ಚ್ ಆರಿಸಿದೆ. ಆಮೇಲೆ ಹೇಳಿದೆ, "ಕಾಕಾ ಇದ್ದಿದ್ರ ನಾ ಬಾಯಿ ಬಿಡೂದ ಬ್ಯಾಡಾಗಿತ್ತು. ಅವರ ಶೆಡ್ಡಿಗೆ ಕೀಲಿ ಹಾಕಿ ಹೋಗತಿದ್ರು. ನನ್ನ ಮ್ಯಾಲೆ ಸಿಟ್ಟ ಮಾಡು, ಜಗಳಾಡು. ನಿನ್ನ ಕೂಡಿಸಿ ಇದನ್ನ ಮ್ಯಾಲೆ ಕಳಸಾಕ ಮಾತ್ರ ನಾ ಒಲ್ಲೆ."

ಅವಳು ಪ್ಯಾರಾಚೂಟ್ ಬಿಚ್ಚಿ ಹೋಗಿ ಬೇವಿನ ಗಿಡದ ಕೆಳಗೆ ಬೆನ್ನು ತಿರುಗಿಸಿ ಕೂತಳು. ನಾನು ರೆಕ್ಕೆ ಬಿಚ್ಚಿಸಿ ಶೆಡ್ಡಿನೊಳಗೆ ತೆಗೆದುಕೊಂಡೆ. ಹೊರಗೆ ಮೋಡಗಳು ಇನ್ನೂ ಚೆಂದ ಚೆಂದ ಬೆಳೆಯುತ್ತಿದ್ದವು. ಇಷ್ಟು ಒಳ್ಳೆಯ ಆಕಾಶವನ್ನು ಬೇಡ ಎನ್ನುವುದು ಸುಲಭವೇ? ಆದರೆ ನನಗೆ ಅನುಮಾನ ಒಂದಿಷ್ಟೂ ಇರಲಿಲ್ಲ. ಅದನ್ನೇ ನಾನು ನಿಮಗೆ ಹೇಳಬೇಕೆಂದು ಇಷ್ಟು ದಿನ ಕಾದದ್ದು. ನೀವು ಪಕ್ಕದಲ್ಲಿಲ್ಲದೆ, ಯಾರನ್ನೂ ಕೇಳದೆ, ನಾನು ಇಲ್ಲ ಎಂದೆ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ನೆರಳು ಬಿತ್ತು. ವೈಶಾಲಿ. ಕಣ್ಣು ಒರೆಸಿಕೊಂಡಿದ್ದಳು.

"ಹೇರ್ ಡ್ರೈಯರ್ ಎಲ್ಲದ?" ಎಂದಳು.

"ಸ್ಟೂಲಿನ ಮ್ಯಾಲೆ," ಎಂದೆ.

ಮಾತು ಅಷ್ಟೇ. ಅವಳು ಹಳೆಯ ಟೇಪು ಕಾಯಿಸಿದಳು, ನಾನು ಬಿಡಿಸಿದೆ. ಒಂದು ರೆಕ್ಕೆಯದು ಕೆಟ್ಟಿತೆಂದರೆ ಇನ್ನೊಂದನ್ನು ನಂಬುವುದು ಹೇಗೆ? ಎರಡನ್ನೂ ಬಿಚ್ಚಿ ಸ್ವಚ್ಛ ಮಾಡಿದೆವು. ಅಂಟಿಸುವ ಕೆಲಸವನ್ನು ಮರುದಿನದ ತಂಪಿಗೆ ಇಟ್ಟುಕೊಂಡೆವು. ವೀಕ್ಷಕರು ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದರು. ಆಮೇಲೆ ಹೊರಗೆ ಹೋಗಿ ಮನೆಗೆ ಫೋನ್ ಮಾಡಿ, ಇನ್ನು ಕೆಲವು ದಿನ ಬರುವುದಿಲ್ಲ ಎಂದು ಮರಾಠಿಯಲ್ಲಿ ಹೇಳುವುದು ಕೇಳಿಸಿತು. ಕಾಕು ಬಾಗೇವಾಡಿಯಿಂದ ಅವರಿಗೆ ಜೋಳದ ಭಕ್ರಿ, ಕಡಲೆಹಿಟ್ಟಿನ ಝುಣಕಾ ಕಟ್ಟಿ ಕಳಿಸಿದರು. ಅವರು ಉಳಿದದ್ದು ನಮ್ಮ ಸಲುವಾಗಿಯೋ ಝುಣಕಾ ಸಲುವಾಗಿಯೋ, ದೇವರಿಗೇ ಗೊತ್ತು.

ಕೊನೆಗೆ ವೈಶಾಲಿ ಹಾರಿದ ದಿನ ಮೋಡ ಅಷ್ಟೇನೂ ಇರಲಿಲ್ಲ. ಆದರೂ ನೆಲ ಚೆನ್ನಾಗಿ ಕಾದಿತ್ತು. ಕೋಲು ಆಡಿಸಿದೆ; ತುದಿಯಿಂದ ತುದಿಗೆ ಒಂದೇ ಸಮ. ನಾನು ಕೆಳಗಿಳಿದು, "ಹೋಗಿ ಬಾ," ಎಂದೆ. ವಿಂಚು ಎಳೆಯಿತು. ಕಾದ ನೆಲದಿಂದ ಏಳುವ ಬಿಸಿಗಾಳಿ ಹಿಡಿದು ಹದ್ದೊಂದು ಸುತ್ತುತ್ತಿದ್ದ ಕಡೆ ಹೋಗಿ ಅವಳೂ ಸುತ್ತತೊಡಗಿದಳು, ಮೇಲೆ, ಮೇಲೆ, ಬಿಳಿ ಚುಕ್ಕಿಯಾಗಿ ಉತ್ತರಕ್ಕೆ ಹೊರಟುಹೋದಳು. ರೇಡಿಯೋದಲ್ಲಿ ಅವಳ ದನಿ ಬರುತ್ತಿತ್ತು. "ಇಂಡಿ ಕೆಳಗದ." ಬಹಳ ಹೊತ್ತಿನ ಮೇಲೆ, "ನಮ್ಮ ಮನಿ ಮಾಳಿಗಿ ಕಾಣ್ಲಿಕತ್ತದ." ಆಗ ಕಾಕು ನಿಜವಾಗಿಯೂ ಮಾಳಿಗೆಯ ಮೇಲೆ ನಿಂತಿದ್ದರಂತೆ, ಕಣ್ಣಿಗೆ ಕೈ ಅಡ್ಡ ಹಿಡಿದು. ನನಗೆ ಫೋನ್ ಮಾಡಿ, "ಹೋತು ನೋಡು, ನಮ್ಮ ಮನಿ ಮ್ಯಾಲಿಂದನ ಹೋತು!" ಎಂದು ಕೂಗಿದರು.

ಮುದ್ದೇಬಿಹಾಳ ಮುಟ್ಟಿದ ಸುದ್ದಿ ಬಂದ ಮೇಲೆ ರೇಡಿಯೋ ಸುಮ್ಮನಾಯಿತು. ನಾವು ಕರೆದೆವು. ಉತ್ತರ ಇಲ್ಲ. ತೀರಾ ಕೆಳಗಿಳಿದರೆ ದನಿ ಮುಟ್ಟುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಹೊಲದಲ್ಲಿ ಇಳಿದರೆ ಬಿಚ್ಚಿ ತರಲು ಬೇಕಾಗುವ ಉದ್ದನೆಯ ಟ್ರೇಲರನ್ನು ಒಬ್ಬರು ಜೀಪಿಗೆ ಕಟ್ಟಿದರು. ನಾನು ಶೆಡ್ಡಿನೊಳಗೆ ಹೋಗಿ ನಿಂತೆ. ಏನು ಬಿಟ್ಟೆ? ಎಲ್ಲಿ ಒತ್ತಲಿಲ್ಲ? ಮನಸ್ಸಿನಲ್ಲೇ ಎರಡೂ ರೆಕ್ಕೆಗಳ ಮೇಲೆ ಬುಡದಿಂದ ತುದಿಯವರೆಗೆ ಬೆರಳಾಡಿಸಿದೆ. ಎಲ್ಲೂ ಬಿಟ್ಟಿರಲಿಲ್ಲ, ಕಾಕಾ. ಆದರೂ ಮತ್ತೆ ಬುಡದಿಂದ ಶುರುಮಾಡಿದೆ.

ಆಮೇಲೆ ಅವಳೇ ಹೇಳಿದ್ದು ಇದು. ಕಾಲುವೆ ನೀರಿನಿಂದ ಹಸಿರಾದ ಹೊಲಗಳ ಮೇಲೆ ಗಾಳಿ ಸತ್ತುಹೋಗಿತ್ತು. ಎತ್ತುವ ಬಿಸಿಯೇ ಇಲ್ಲ. ಇಳಿಯಲು ಹೊಲ ಆರಿಸಿಟ್ಟುಕೊಂಡು, ಸುಮ್ಮನೆ ತೇಲುತ್ತ, ಒಣಭೂಮಿಯ ಕಡೆ ಮೂತಿ ತಿರುಗಿಸಿದಳು. ಮುಂದೆ ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಗಣಿ ಕಂಡಿತು, ಬಿಸಿಲಿಗೆ ಕಾದ ಬಂಡೆ. ಅಲ್ಲಿಗೆ ಮುಟ್ಟುವಷ್ಟು ಎತ್ತರ ಉಳಿಯುತ್ತದೆಯೋ ಇಲ್ಲವೋ. "ಸೋರಿದ್ದಿದ್ರ ಮುಟ್ಟತಿದ್ದಿಲ್ಲ ಸುನಂದಾ," ಎಂದಳು. "ಗಣಿ ಮ್ಯಾಲೆ ಹೋಗೂದಕ್ಕ ಒಂದು ಸಣ್ಣ ಬಿಸಿ ಸಿಕ್ತು. ಭಾಳ ಇಕ್ಕಟ್ಟು. ಎಡಕ್ಕ ಪೂರಾ ಕೋಲ ಹಾಕಿ ಸುತ್ತಬೇಕಾತು. ಬೆಣ್ಣಿಯೊಳಗ ಕೈ ಆಡಿಸಿದ್ಹಂಗ ಆಡ್ತು."

ಎಡಕ್ಕೆ. ಅದೇ ಎಡಕ್ಕೆ, ಪೂರ್ತಿ.

ರೇಡಿಯೋ ಮತ್ತೆ ಮಾತಾಡಿದಾಗ ಅವಳು ಡೋಣಿ ನದಿ ದಾಟಿದ್ದಳು. "ಮನಿ ಕಡೆ ಬರ್ಲಿಕತ್ತೇನಿ," ಎಂದಳು, ಸಂತೆಯಿಂದ ಬರುವವರ ಹಾಗೆ. ಇಳಿಬಿಸಿಲಿನಲ್ಲಿ ಬಯಲಿನ ತುದಿಯಿಂದ ತಗ್ಗಿ ಬಂದು, ಸದ್ದಿಲ್ಲದೆ ನೆಲ ಮುಟ್ಟಿ, ಓಡಿ, ನಿಂತಿತು. ಎಲ್ಲರೂ ಅವಳ ಕಡೆ ಓಡಿದರು. ನಾನು ರೆಕ್ಕೆಯ ಕಡೆ ಓಡಿದೆ. ಒಂದು ಅಂಚೂ ಎದ್ದಿರಲಿಲ್ಲ.

ವೀಕ್ಷಕರು ಬಂದು ಸಂದಿನ ಮೇಲೆ ಅಂಗೈ ಆಡಿಸಿ, ಇದು ಯಾರ ಕೆಲಸ ಎಂದು ಕೇಳಿದರು. ವೈಶಾಲಿ, "ಇದು ನಮ್ಮ ಸುನಂದಾನ ಕೆಲಸ," ಎಂದಳು. ನಿಮ್ಮ ಹೆಸರು ಹೇಳಲಿಲ್ಲ. ನೀವು ಅದಕ್ಕೇ ಹೆಚ್ಚು ಹಿಗ್ಗುತ್ತಿದ್ದಿರಿ ಎಂದು ನನಗೆ ಗೊತ್ತು. ಅವತ್ತು ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ತಾಂಬಾಕ್ಕೆ ಫೋನ್ ಮಾಡಿ ಅಪ್ಪನಿಗೆ ಹೇಳುವಾಗ ನನ್ನ ದನಿ ನನಗೇ ಹೊಸದಾಗಿ ಕೇಳಿತು. ಅಪ್ಪ ಎಲ್ಲ ಕೇಳಿ, "ಹೂಂ. ರಾಯರು ಆರಿಸಿದ ಕೈ ಅಲ್ಲಾ," ಎಂದರು.

ಇನ್ನೊಂದು ಸುದ್ದಿ ಇದೆ. ಇದನ್ನು ನೀವು ನಂಬಲಿಕ್ಕಿಲ್ಲ. ಹೋದ ಭಾನುವಾರ ಕಾಕು ಬಸ್ಸು ಹತ್ತಿ ಬಯಲಿಗೆ ಬಂದರು. "ಕೆಳಗಿಂದ ನೋಡಿದ್ದಾತು. ಇನ್ನ ಮ್ಯಾಲಿಂದ ನೋಡೂದದ," ಎಂದರು. ಡಾಕ್ಟರನ್ನು ಮೊದಲೇ ಕೇಳಿಕೊಂಡು ಬಂದಿದ್ದರು, ನಾವು ಬೇಡ ಎನ್ನಲು ದಾರಿಯೇ ಇರದಂತೆ. ವೈಶಾಲಿ ಅವರನ್ನು ಇಬ್ಬರು ಕೂಡುವ ಗ್ಲೈಡರಿನಲ್ಲಿ ಮುಂದೆ ಕೂರಿಸಿದಳು. ನಾನೇ ಸೀಟಿನ ಪಟ್ಟಿ ಬಿಗಿದೆ, ಸೆರಗು ಒಳಗೆ ಸಿಕ್ಕಿಸಿದೆ. ಏರುವಾಗ ಅವರು ಗುರುರಾಯರ ಸ್ತೋತ್ರ ಹೇಳುತ್ತಿದ್ದರಂತೆ. ಹಗ್ಗ ಕಳಚಿದ ಮೇಲೆ ನಿಲ್ಲಿಸಿಬಿಟ್ಟರಂತೆ.

ಇಳಿದವರು ಸೀದಾ ಬೇವಿನ ಗಿಡದ ನೆರಳಿಗೆ ಬಂದು ಕೂತರು. ನಾನು ನೀರು ಕೊಟ್ಟೆ. ಕುಡಿದು, ನನ್ನ ಕೈ ಹಿಡಿದುಕೊಂಡು, ಸಿಟ್ಟಿನಿಂದಲೇ ಹೇಳಿದರು.

"ಇಷ್ಟು ವರ್ಷ ಮನಿಗೆ ಬಂದು ಬರೇ ಟೇಪು, ಗೋಂದು, ಸಂದು ಅಂತ ಹೇಳ್ತಿದ್ರು. ಮ್ಯಾಲೆ ಇಷ್ಟು ಚೆಂದ ಇರ್ತದ ಅಂತ ಒಮ್ಮೆನೂ ಹೇಳಲಿಲ್ಲ ನೋಡು!"

ನಿಮ್ಮ ಪರವಾಗಿ ನಾನೇನು ಹೇಳಲಿ, ಕಾಕಾ? ಖಾಲಿ ಲೋಟ ಇಸಿದುಕೊಂಡೆ. ಅವರು ಸೆರಗು ಸರಿಮಾಡಿಕೊಂಡು, "ಮುದ್ದೇಬಿಹಾಳದಾಗ ನಮ್ಮಕ್ಕನ ಮನಿ ಅದ. ಮುಂದಿನ ಸಲ ಅಲ್ಲಿತನಕ ಹೋಗೂಣು," ಎಂದರು. ಆಗಲ್ರಿ ಎಂದಿದ್ದೇನೆ. ನಾಳೆ ಮುಂಜಾನೆ ತಂಪಿನಲ್ಲಿ ಆ ಇಬ್ಬರು ಕೂಡುವ ಗ್ಲೈಡರಿನ ರೆಕ್ಕೆಗಳನ್ನು ಬಿಚ್ಚಿ ಹೊಸ ಟೇಪು ಅಂಟಿಸುತ್ತೇನೆ.

ನಿಮ್ಮ
ಸುನಂದಾ